ಪಿಎಚ್.ಡಿಗೆ ಚೌಕಟ್ಟು ಬಂತು, ಅದನ್ನು ನಡೆಸುವ ದುಡ್ಡು ಎಲ್ಲಿ?

2025ರ ಜುಲೈ 1ರಂದು ಕೇಂದ್ರ ಸಚಿವ ಸಂಪುಟವು ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯದ ಹೆಸರಿನಲ್ಲಿ 1 ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ, ಕೇಂದ್ರದ ಫೆಲೋಶಿಪ್ ನಂಬಿಕೊಂಡು ಪಿಎಚ್.ಡಿ ಮಾಡುತ್ತಿರುವವರು ತಿಂಗಳುಗಟ್ಟಲೆ ದುಡ್ಡು ಬಂದಿಲ್ಲವೆಂದು ದೂರಿದ ವರದಿಗಳೂ ಬಂದವು. ಎರಡೂ ಸುದ್ದಿಯನ್ನು ಓದಿದವರು ಕೇಳುವ ಪ್ರಶ್ನೆ ಸಹಜವಾದದ್ದೇ: ಸಂಶೋಧನೆಗೆ ಲಕ್ಷ ಕೋಟಿ ಇದ್ದ ಮೇಲೆ ಸಂಶೋಧನೆ ಮಾಡುವ ಹುಡುಗ ಹುಡುಗಿಯರಿಗೆ ಮೆಸ್ ಬಿಲ್ ಕಟ್ಟಲು ಯಾಕೆ ದುಡ್ಡಿಲ್ಲ?

ಉತ್ತರ ಹೇಳಬೇಕಾದರೆ ಫೆಲೋಶಿಪ್ ಒಂದನ್ನೇ ನೋಡಿದರೆ ಸಾಲದು. ಭಾರತದಲ್ಲಿ ಪಿಎಚ್.ಡಿ ಈಗ ಗೈಡ್ ಮತ್ತು ವಿದ್ಯಾರ್ಥಿ ಇಬ್ಬರ ನಡುವೆ ಮುಗಿಯುವ ವ್ಯವಹಾರವಲ್ಲ. ಕೋರ್ಸ್‌ವರ್ಕ್, ಸಲಹಾ ಸಮಿತಿ, ಬೋಧನಾ ತರಬೇತಿ, ಕಾಲಮಿತಿ ಎಲ್ಲವೂ ಸೇರಿ ಅದೊಂದು ಕಾರ್ಯಕ್ರಮವಾಗಿದೆ. ಆ ಕಾರ್ಯಕ್ರಮ ಹೀಗೇ ನಡೆಯಬೇಕೆಂದು ನಿಯಮ ಬರೆದವರು, ಅದನ್ನು ನಡೆಸುವ ಖರ್ಚು ಯಾವ ಲೆಕ್ಕಶೀರ್ಷಿಕೆಯಿಂದ ಬರಬೇಕೆಂದು ಬರೆದಿಲ್ಲ. ಇವತ್ತು ರಾಜ್ಯ ವಿಶ್ವವಿದ್ಯಾಲಯಗಳ ವಿಭಾಗಗಳಲ್ಲಿ ಕಾಣುವ ತೊಂದರೆಗಳ ಬೇರು ಬಹುಪಾಲು ಇಲ್ಲಿದೆ.

ಆ ಒಂದು ಲಕ್ಷ ಕೋಟಿ ಯಾರಿಗೆ

ಮೊದಲು ಗೊಂದಲ ಬಿಡಿಸೋಣ. ಸಂಪುಟ ಒಪ್ಪಿದ ಯೋಜನೆ ವಿಶ್ವವಿದ್ಯಾಲಯಗಳಿಗೆ ಅನುದಾನ ಕೊಡುವ ಯೋಜನೆಯಲ್ಲ. ಖಾಸಗಿ ವಲಯ ಸಂಶೋಧನೆಯಲ್ಲಿ ಹಣ ಹೂಡಲಿ ಎಂದು ಕಡಿಮೆ ಬಡ್ಡಿಗೆ ಅಥವಾ ಬಡ್ಡಿಯೇ ಇಲ್ಲದೆ ದೀರ್ಘಾವಧಿ ಸಾಲ ಕೊಡುವುದು, ಕೆಲವು ಕಡೆ ಬಂಡವಾಳದಲ್ಲಿ ಪಾಲು ತೆಗೆದುಕೊಳ್ಳುವುದು ಅದರ ಕೆಲಸ. ಅದೂ ತಂತ್ರಜ್ಞಾನ ಪ್ರಯೋಗಾಲಯದ ಮೊದಲ ಹಂತಗಳನ್ನು ದಾಟಿ, ಒಂಬತ್ತು ಹಂತಗಳ ಸಿದ್ಧತೆಯ ಅಳತೆಯಲ್ಲಿ ನಾಲ್ಕನೆಯದಕ್ಕೋ ಅದರ ಮೇಲಕ್ಕೋ ಬಂದಿದ್ದರೆ ಮಾತ್ರ. ಹಣ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದೊಳಗಿನ ವಿಶೇಷ ನಿಧಿಗೆ ಬಂದು, ಅಲ್ಲಿಂದ ಎರಡನೇ ಹಂತದ ನಿಧಿ ನಿರ್ವಾಹಕರ ಮೂಲಕ ಕಂಪನಿಗಳಿಗೆ ಹೋಗುತ್ತದೆ. ಜಾನಪದ ವಿಭಾಗದಲ್ಲಿ ಮೂರನೇ ವರ್ಷದ ಪಿಎಚ್.ಡಿ ಮಾಡುತ್ತಿರುವವರಿಗಾಗಲಿ, ಸಸ್ಯಶಾಸ್ತ್ರ ವಿಭಾಗದ ಕೋರ್ಸ್‌ವರ್ಕ್‌ಗಾಗಲಿ ಇದರಲ್ಲಿ ನೇರ ಪಾಲಿಲ್ಲ.

ಪ್ರತಿಷ್ಠಾನದ್ದೇ ಬೇರೆ ಯೋಜನೆಗಳಿವೆ. 2023ರ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆಗೆ 2023ರಿಂದ 2028ರವರೆಗೆ 50,000 ಕೋಟಿ ರೂಪಾಯಿ ಎಂದು ಘೋಷಣೆಯಾದಾಗ, ಅದರಲ್ಲಿ ದೊಡ್ಡ ಪಾಲು, ಅಂದರೆ 36,000 ಕೋಟಿ, ಸರ್ಕಾರದ ಹೊರಗಿನಿಂದ ಬರಬೇಕೆಂಬ ನಿರೀಕ್ಷೆಯಿತ್ತು. ದೊಡ್ಡ ಸಂಸ್ಥೆಯೊಂದು ಕೇಂದ್ರವಾಗಿ, ಸುತ್ತಲಿನ ವಿಶ್ವವಿದ್ಯಾಲಯಗಳು ಕೊಂಡಿಗಳಾಗಿ ಸೇರುವ ಜಾಲ ಯೋಜನೆಯನ್ನೂ ಅದು ಶುರು ಮಾಡಿದೆ. ಒಳ್ಳೆಯ ಹೆಜ್ಜೆ. ಆದರೆ ಅದು ಆಯ್ದ ವಿಷಯಗಳ ಸಂಶೋಧನಾ ಪ್ರಾಜೆಕ್ಟಿಗೆ ಸಿಗುವ ಹಣ. ವಿಭಾಗದ ಎಲ್ಲ ಪಿಎಚ್.ಡಿ ವಿದ್ಯಾರ್ಥಿಗಳ ತರಬೇತಿಗೆ ಅದು ಬರುವುದಿಲ್ಲ.

ನಿಯಮ ಕೇಳುವುದು ಏನೇನು

ಕೋರ್ಸ್‌ವರ್ಕ್ ಕಡ್ಡಾಯವಾದದ್ದು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯ 2009ರ ನಿಯಮಾವಳಿಯಿಂದ. 2016ರಲ್ಲಿ ಅದು ಬದಲಾಯಿತು, 2022ರ ನವೆಂಬರ್‌ನಲ್ಲಿ ಮತ್ತೆ ಬದಲಾಯಿತು. ಈಗ ಜಾರಿಯಲ್ಲಿರುವುದು ಈ ಕೊನೆಯದು. ಎಂ.ಫಿಲ್ ಕೈಬಿಟ್ಟದ್ದೂ, ಪ್ರಬಂಧ ಸಲ್ಲಿಸುವ ಮೊದಲು ಪತ್ರಿಕೆಯಲ್ಲಿ ಲೇಖನ ಪ್ರಕಟವಾಗಿರಲೇಬೇಕೆಂಬ ಷರತ್ತು ತೆಗೆದದ್ದೂ ಇದೇ. ಸುದ್ದಿಯಾದದ್ದು ಈ ಎರಡು. ವಿಭಾಗಗಳ ಕೆಲಸ ಹೆಚ್ಚಿಸಿದ ಉಳಿದ ಕಲಮುಗಳು ಅಷ್ಟು ಚರ್ಚೆಗೆ ಬರಲಿಲ್ಲ.

ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್ ಇರಬೇಕು. 2016ರಲ್ಲಿ ಇದು 8 ಇತ್ತು. ಒಂದು ಕ್ರೆಡಿಟ್ ಎಂದರೆ 15 ಗಂಟೆ ಪಾಠ, ಹಾಗಾಗಿ 12 ಕ್ರೆಡಿಟ್‌ಗೆ 180 ಗಂಟೆ. ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಕುರಿತ 2 ಕ್ರೆಡಿಟ್‌ನ ಪತ್ರಿಕೆ ಇದರೊಳಗೇ ಬರುತ್ತದೆ. ಪಾಸಾಗಲು ಶೇ 55 ಅಂಕ ಬೇಕು. ಯಾವ ವಿಷಯದವರಾದರೂ ಸರಿ, ಬೋಧನೆ ಮತ್ತು ಬರವಣಿಗೆಯಲ್ಲಿ ತರಬೇತಿ ಪಡೆಯಬೇಕು. ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಲ್ಯಾಬ್, ಮೌಲ್ಯಮಾಪನದ ಕೆಲಸವನ್ನೂ ಅವರಿಗೆ ವಹಿಸಬಹುದು. ಪ್ರತಿ ಸೆಮಿಸ್ಟರ್‌ಗೆ ಒಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಹಾಜರಾಗಿ ಪ್ರಗತಿ ಒಪ್ಪಿಸಬೇಕು. ಪ್ರಬಂಧವನ್ನು ಗೈಡ್ ಅಲ್ಲದೆ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರು ನೋಡಬೇಕು, ಸಲ್ಲಿಸಿದ ಆರು ತಿಂಗಳೊಳಗೆ ಎಲ್ಲ ಮುಗಿಯಬೇಕು. ಒಟ್ಟು ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮೇಲೆ 2 ವರ್ಷದ ವಿಸ್ತರಣೆ, ಮಹಿಳೆಯರಿಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಇನ್ನೆರಡು ವರ್ಷ.

ಇದನ್ನು ವಿಭಾಗದ ಕ್ಯಾಲೆಂಡರಿಗೆ ಇಳಿಸಿ ನೋಡಿ. ಪ್ರೊಫೆಸರ್ ಒಬ್ಬರು ಏಕಕಾಲಕ್ಕೆ 8 ಮಂದಿಗೆ, ಸಹ ಪ್ರಾಧ್ಯಾಪಕರು 6 ಮಂದಿಗೆ, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಗೈಡ್ ಆಗಬಹುದು. ಒಬ್ಬ ಪ್ರೊಫೆಸರ್, ಒಬ್ಬ ಸಹ ಪ್ರಾಧ್ಯಾಪಕ, ನಾಲ್ವರು ಸಹಾಯಕ ಪ್ರಾಧ್ಯಾಪಕರಿರುವ ಆರು ಜನರ ವಿಭಾಗ ಪೂರ್ತಿ ತುಂಬಿದರೆ 30 ಸಂಶೋಧನಾರ್ಥಿಗಳು. ವರ್ಷಕ್ಕೆ ಎರಡು ಬಾರಿಯಂತೆ 60 ಸಲಹಾ ಸಮಿತಿ ಸಭೆ. ಜೊತೆಗೆ 180 ಗಂಟೆಯ ಕೋರ್ಸ್‌ವರ್ಕ್, ಅದರ ಪರೀಕ್ಷೆ, ಸಿನಾಪ್ಸಿಸ್ ಮಂಡನೆ, ಪ್ರಬಂಧ ಪೂರ್ವ ಸೆಮಿನಾರ್, ವೈವಾ. ಇದೆಲ್ಲವೂ ಅದೇ ಆರು ಜನ ಎಂ.ಎ, ಎಂ.ಎಸ್ಸಿ ತರಗತಿ ತೆಗೆದುಕೊಂಡ ಮೇಲೆ ಉಳಿಯುವ ಹೊತ್ತಿನಲ್ಲಿ ನಡೆಯಬೇಕು.

ಆಗದಿದ್ದಾಗ ಏನಾಗುತ್ತದೆ ಎಂಬುದು ವಿಭಾಗಗಳನ್ನು ಬಲ್ಲವರಿಗೆಲ್ಲ ಗೊತ್ತು. 180 ಗಂಟೆಯ ಪಾಠ ಹದಿನೈದು ದಿನದ ಶಿಬಿರವಾಗುತ್ತದೆ, ಇಲ್ಲವೇ ಸ್ನಾತಕೋತ್ತರ ತರಗತಿಯ ಹಳೇ ಟಿಪ್ಪಣಿಗೆ 'ಸಂಶೋಧನಾ ವಿಧಾನ' ಎಂಬ ಹೊಸ ಹಾಳೆ ಅಂಟಿಸಿ ಮುಗಿಸಲಾಗುತ್ತದೆ. ಸಲಹಾ ಸಮಿತಿಯ ಸಭೆ ಮೂವರ ಸಹಿಗಾಗಿ ಒಂದು ಹಾಳೆ ಕೋಣೆಯಿಂದ ಕೋಣೆಗೆ ಓಡಾಡುವುದಕ್ಕೆ ಇಳಿಯುತ್ತದೆ. ಇದರ ಏಟು ಬೀಳುವುದು ನಾಲ್ಕನೇ ವರ್ಷದಲ್ಲಿ. ಮಾದರಿ ಆಯ್ಕೆ ತಪ್ಪಿದೆ, ಪ್ರಶ್ನಾವಳಿ ಮೊದಲೇ ಪರೀಕ್ಷಿಸಿಲ್ಲ ಎಂಬಂಥ ದೋಷ ಎರಡನೇ ಸೆಮಿಸ್ಟರ್‌ನಲ್ಲಿ ಸಿಕ್ಕಿದ್ದರೆ ತಿದ್ದಲು ಒಂದು ತಿಂಗಳು ಸಾಕಿತ್ತು. ಅದು ಪರೀಕ್ಷಕರ ವರದಿಯಲ್ಲಿ ಸಿಕ್ಕಾಗ ಮತ್ತೆ ಕ್ಷೇತ್ರಕಾರ್ಯಕ್ಕೆ ಹೋಗಬೇಕಾಗುತ್ತದೆ.

ದುಡ್ಡು ಬರುವ ಮೂರು ದಾರಿ

ಪಿಎಚ್.ಡಿಗೆ ಹಣ ಮುಖ್ಯವಾಗಿ ಮೂರು ರೂಪದಲ್ಲಿ ಬರುತ್ತದೆ. ಮೊದಲನೆಯದು ವ್ಯಕ್ತಿಗೆ ಸಿಗುವ ಫೆಲೋಶಿಪ್. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಮೊತ್ತ 2023ರ ಜನವರಿ 1ರಿಂದ ಪೂರ್ವಾನ್ವಯವಾಗಿ ತಿಂಗಳಿಗೆ 31,000ದಿಂದ 37,000ಕ್ಕೆ, ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) 35,000ದಿಂದ 42,000ಕ್ಕೆ ಏರಿತು. ಎರಡು ವರ್ಷ ಜೆಆರ್‌ಎಫ್, ಮೂರು ವರ್ಷ ಎಸ್‌ಆರ್‌ಎಫ್ ಲೆಕ್ಕ ಹಾಕಿದರೆ ಐದು ವರ್ಷಕ್ಕೆ ಸರಿಯಾಗಿ 24 ಲಕ್ಷ ರೂಪಾಯಿ. ಮನೆ ಬಾಡಿಗೆ ಭತ್ಯೆ, ಕಾಂಟಿಜೆನ್ಸಿ (ಸಂಶೋಧನೆಯ ಚಿಲ್ಲರೆ ಖರ್ಚಿನ ಹಣ) ಬೇರೆ. ಪ್ರಧಾನ ಮಂತ್ರಿ ಸಂಶೋಧನಾ ಫೆಲೋಶಿಪ್‌ನಲ್ಲಿ ಮೊದಲೆರಡು ವರ್ಷ ತಿಂಗಳಿಗೆ 70,000, ಮೂರನೇ ವರ್ಷ 75,000, ಕೊನೆಯ ಎರಡು ವರ್ಷ 80,000, ವರ್ಷಕ್ಕೆ 2 ಲಕ್ಷ ಸಂಶೋಧನಾ ಅನುದಾನ. ಒಟ್ಟು 55 ಲಕ್ಷ. 2025ರ ಬಜೆಟ್‌ನಲ್ಲಿ ಐದು ವರ್ಷಕ್ಕೆ ಇಂಥ 10,000 ಫೆಲೋಶಿಪ್ ಘೋಷಿಸಿದ್ದು ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗೆ. ಇನ್ನೊಂದು ತುದಿಯಲ್ಲಿ, ಎನ್‌ಇಟಿ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಇಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದ ಪಿಎಚ್.ಡಿ ವಿದ್ಯಾರ್ಥಿಗೆ ತಿಂಗಳಿಗೆ 8,000. ರಾಜ್ಯ ವಿಶ್ವವಿದ್ಯಾಲಯದವರಿಗೆ ಆ ಎಂಟು ಸಾವಿರವೂ ಇಲ್ಲ. 2015ರಲ್ಲಿ ಯುಜಿಸಿ ಈ ಫೆಲೋಶಿಪ್ ನಿಲ್ಲಿಸಲು ಹೊರಟಾಗ ದೆಹಲಿಯ ಅದರ ಕಚೇರಿಯ ಮುಂದೆ ವಿದ್ಯಾರ್ಥಿಗಳು ಬೀಡುಬಿಟ್ಟದ್ದು, ಅವರು ಕೇಳಿದ ಬೇಡಿಕೆಗಳಲ್ಲಿ ಇದನ್ನು ರಾಜ್ಯ ವಿಶ್ವವಿದ್ಯಾಲಯಗಳಿಗೂ ವಿಸ್ತರಿಸಿ ಎಂಬುದೂ ಇದ್ದದ್ದು ನೆನಪಿಡಬೇಕು.

ಎರಡನೆಯದು ಪ್ರಾಜೆಕ್ಟ್ ಹಣ. ಅದು ಅಧ್ಯಾಪಕರ ಹೆಸರಿಗೆ ಬರುತ್ತದೆ, ಅವರ ವಿಷಯಕ್ಕೆ, ಅವರ ಅವಧಿಗೆ. ಪ್ರಾಜೆಕ್ಟ್ ಮೂರು ವರ್ಷಕ್ಕೆ ಮುಗಿದರೆ ಅದರಲ್ಲಿ ಫೆಲೋ ಆಗಿದ್ದವರ ಪಿಎಚ್.ಡಿ ಅರ್ಧದಲ್ಲಿರುತ್ತದೆ.

ಮೂರನೆಯದು ಕಟ್ಟಡ, ಉಪಕರಣದ ಹಣ. ರಾಜ್ಯ ವಿಶ್ವವಿದ್ಯಾಲಯಗಳಿಗೆ ನೆರವಾಗುವ ಕೇಂದ್ರದ ಪಿಎಂ-ಉಷಾ ಯೋಜನೆಯಲ್ಲಿ 2023-24ರಿಂದ 2025-26ರವರೆಗೆ ದೇಶಕ್ಕೆ 12,926.10 ಕೋಟಿ ರೂಪಾಯಿ ಇಟ್ಟು, 35 ವಿಶ್ವವಿದ್ಯಾಲಯಗಳಿಗೆ ತಲಾ 100 ಕೋಟಿ ಕೊಡುವುದೆಂದಾಯಿತು. ಬಹುತೇಕ ರಾಜ್ಯಗಳಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40.

ವಿಭಾಗವೆಂಬ ಘಟಕಕ್ಕೇ ಹಣ ಕೊಡುವ ಯುಜಿಸಿಯ ವಿಶೇಷ ನೆರವು ಕಾರ್ಯಕ್ರಮ ಹಿಂದೆ ಇತ್ತು. ಒಂದು ವಿಭಾಗ ಐದೈದು ವರ್ಷದ ಹಂತಗಳಲ್ಲಿ ಅದರ ಮೆಟ್ಟಿಲು ಹತ್ತುತ್ತಿತ್ತು. ಸೆಮಿನಾರ್, ಕ್ಷೇತ್ರಕಾರ್ಯ, ಸಂದರ್ಶಕ ಪ್ರಾಧ್ಯಾಪಕರು ಎಲ್ಲಕ್ಕೂ ಅದರಲ್ಲಿ ಅವಕಾಶವಿತ್ತು. 12ನೇ ಪಂಚವಾರ್ಷಿಕ ಯೋಜನೆ 2017ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಯೋಜನಾ ಅನುದಾನದ ಆ ದಾರಿ ಕಿರಿದಾಗುತ್ತ ಹೋಯಿತು. ನಿಯಮ ಬಿಗಿಯಾದ ಕಾಲ ಮತ್ತು ವಿಭಾಗಕ್ಕೆ ಬರುವ ಹಣ ಕಡಿಮೆಯಾದ ಕಾಲ ಒಂದೇ ಆಗಿಬಿಟ್ಟಿತು.

ಒಂದು ಖರ್ಚಿನಲ್ಲಿ ಮಾತ್ರ ನಿಜವಾದ ನೆಮ್ಮದಿ ಸಿಕ್ಕಿದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆಯಾದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ ಮೂರು ವರ್ಷಕ್ಕೆ 6,000 ಕೋಟಿ ಕೊಟ್ಟು, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆಯಲಾಗಿದೆ. ದಾವಣಗೆರೆಯ ರಸಾಯನಶಾಸ್ತ್ರ ವಿದ್ಯಾರ್ಥಿ ಇನ್ನು ಬೆಂಗಳೂರಿನ ಗೆಳೆಯನಿಗೆ ಲೇಖನ ಕಳಿಸೆಂದು ಕೇಳಬೇಕಾಗಿಲ್ಲ. ಎಲ್ಲರಿಗೂ ಬೇಕಾದ ಸೌಕರ್ಯವನ್ನು ಒಟ್ಟಿಗೆ ಕೊಂಡರೆ ಎಷ್ಟು ಅನುಕೂಲ ಎಂಬುದಕ್ಕೆ ಇದು ಸಾಕ್ಷಿ.

ಫೆಲೋಶಿಪ್ ಎಲ್ಲಿ ಸಿಕ್ಕಿಕೊಳ್ಳುತ್ತದೆ

ದುಡ್ಡು ತಡವಾಯಿತು ಎಂದರೆ ದೆಹಲಿಯಲ್ಲಿ ಹಣವಿಲ್ಲ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಕೆಲವೊಮ್ಮೆ ಅದು ನಿಜ. ಆರ್ಥಿಕ ವರ್ಷದ ಮೊದಲ ತಿಂಗಳುಗಳಲ್ಲಿ ಬಿಡುಗಡೆಯೇ ತಡವಾಗುತ್ತದೆ, ಪಾವತಿಯ ವ್ಯವಸ್ಥೆ ಬದಲಾದಾಗಲೂ ನಿಲ್ಲುತ್ತದೆ. ಆದರೆ ಹಣ ಇದ್ದೂ ನಿಲ್ಲುವ ಜಾಗಗಳು ಹಲವು.

ಯುಜಿಸಿ ಜೆಆರ್‌ಎಫ್ ಉದಾಹರಣೆ ತೆಗೆದುಕೊಳ್ಳಿ. ಸಂಶೋಧನಾರ್ಥಿ ತಿಂಗಳ ಹಾಜರಿಗೆ ಗೈಡ್ ಸಹಿ ಪಡೆದು, ವಿಭಾಗದ ಮುಖ್ಯಸ್ಥರ ಮೂಲಕ ಆಡಳಿತ ಕಚೇರಿಗೆ ಕಳಿಸಬೇಕು. ಅಲ್ಲಿ 'ಮೇಕರ್' ಎಂಬ ಲಾಗಿನ್ ಇರುವ ಸಿಬ್ಬಂದಿ ಕೆನರಾ ಬ್ಯಾಂಕ್ ನಿರ್ವಹಿಸುವ ಪೋರ್ಟಲ್‌ನಲ್ಲಿ ಆ ತಿಂಗಳ ದೃಢೀಕರಣ ನಮೂದಿಸುತ್ತಾರೆ. 'ಚೆಕರ್' ಎಂಬ ಇನ್ನೊಬ್ಬರು ಅದನ್ನು ಒಪ್ಪಬೇಕು. ಆಮೇಲಷ್ಟೇ ಆಧಾರ್ ಜೋಡಣೆಯಾದ ಖಾತೆಗೆ ಹಣ. ಮೇಕರ್ ರಜೆಯಲ್ಲಿದ್ದರೆ ಅಥವಾ ವರ್ಗವಾಗಿ ಹೊಸಬರಿಗೆ ಲಾಗಿನ್ ಬಂದಿಲ್ಲದಿದ್ದರೆ ಇಡೀ ವಿಶ್ವವಿದ್ಯಾಲಯದ ಆ ತಿಂಗಳು ಬಾಕಿ. ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್‌ಗೆ ಏರುವಾಗ ಸಮಿತಿ ಕೂತು ಪ್ರಗತಿ ನೋಡಿ ಶಿಫಾರಸು ಮಾಡಬೇಕು. ಸಮಿತಿ ಕೂರುವುದು ಮೂರು ತಿಂಗಳು ತಡವಾದರೆ ಹೆಚ್ಚುವರಿ ಮೊತ್ತವೂ ಅಷ್ಟೇ ತಡ.

ಇದರಲ್ಲಿ ಯಾರ ದುರುದ್ದೇಶವೂ ಬೇಕಿಲ್ಲ. ನೂರಾರು ಸಂಶೋಧನಾರ್ಥಿಗಳ ಕಡತ ನೋಡಲು ಒಬ್ಬರೇ ದ್ವಿತೀಯ ದರ್ಜೆ ಸಹಾಯಕರು, ಅವರ ಮೇಜಿನ ಮೇಲೆ ಪರೀಕ್ಷಾ ವಿಭಾಗದ ಕಡತವೂ ಇದ್ದರೆ ಇಷ್ಟು ಸಾಕು. ಪಿಎಚ್.ಡಿ ವಿಭಾಗಕ್ಕೆಂದೇ ಒಬ್ಬ ಪೂರ್ಣಾವಧಿ ಸಂಯೋಜಕರನ್ನು ನೇಮಿಸುವ ಖರ್ಚನ್ನು ಯಾವ ಅನುದಾನವೂ ಕೊಡುವುದಿಲ್ಲ.

ಇನ್ನೊಂದು ಕೊರತೆ ಅವಧಿಯದ್ದು. ಫೆಲೋಶಿಪ್ ಐದು ವರ್ಷಕ್ಕೆ ಮುಗಿಯುತ್ತದೆ, ನಿಯಮ ಆರು ವರ್ಷ ಕೊಡುತ್ತದೆ, ಪ್ರಬಂಧ ಸಲ್ಲಿಸಿದ ಮೇಲೆ ವೈವಾಕ್ಕೆ ಇನ್ನೂ ಆರು ತಿಂಗಳು. ಬರವಣಿಗೆಗೆ ಏಕಾಗ್ರತೆ ಅತಿ ಹೆಚ್ಚು ಬೇಕಾದ ಈ ಕೊನೆಯ ಹಂತದಲ್ಲಿ ಕೈಯಲ್ಲಿ ಕಾಸಿರುವುದಿಲ್ಲ. ಆಗ ಬಹುಪಾಲು ಮಂದಿ ಅತಿಥಿ ಉಪನ್ಯಾಸಕರಾಗಿ ಕಾಲೇಜು ಸೇರುತ್ತಾರೆ, ಪ್ರಬಂಧ ರಾತ್ರಿಯ ಕೆಲಸವಾಗುತ್ತದೆ.

ಮೂವತ್ತು ಮಂದಿಗೆ ವರ್ಷಕ್ಕೆ ಎಷ್ಟು ಬೇಕು

ಚೌಕಟ್ಟಿಗೆ ಹಣ ಎಂದ ಕೂಡಲೇ ನೂರಾರು ಕೋಟಿಯ ಚಿತ್ರ ಕಣ್ಣಮುಂದೆ ಬರುತ್ತದೆ. ಆದರೆ ಲೆಕ್ಕ ಹಾಕಿದರೆ ಮೊತ್ತ ಅಷ್ಟಿಲ್ಲ. ಒಂದು ಜೆಆರ್‌ಎಫ್‌ಗೆ ಐದು ವರ್ಷಕ್ಕೆ 24 ಲಕ್ಷ ಎಂದರೆ ವರ್ಷಕ್ಕೆ 4 ಲಕ್ಷ 80 ಸಾವಿರ. ಇಷ್ಟೇ ಮೊತ್ತವನ್ನು ಮೇಲೆ ಹೇಳಿದ 30 ಸಂಶೋಧನಾರ್ಥಿಗಳ ವಿಭಾಗಕ್ಕೆ ಪ್ರತಿವರ್ಷ ಕೊಟ್ಟರೆ ಏನೇನು ಸಾಧ್ಯ ಎಂದು ಉದಾಹರಣೆಗೆ ನೋಡೋಣ. ಪ್ರತಿಯೊಬ್ಬರಿಗೂ ಕ್ಷೇತ್ರಕಾರ್ಯ ಅಥವಾ ಸಮ್ಮೇಳನಕ್ಕೆ 10,000 ಇಟ್ಟರೆ 3 ಲಕ್ಷ. 180 ಗಂಟೆಯಲ್ಲಿ 60 ಗಂಟೆ ಹೊರಗಿನ ತಜ್ಞರಿಂದ, ಗಂಟೆಗೆ 1,500ರಂತೆ ಎಂದರೆ 90,000. ಉಳಿದ 90,000ದಲ್ಲಿ ಐದು ದಿನದ ಬರವಣಿಗೆ ಕಮ್ಮಟ, ಸಲಹಾ ಸಮಿತಿಗೆ ಬರುವ ಹೊರಗಿನ ಸದಸ್ಯರ ಪ್ರಯಾಣ, ಸಣ್ಣ ಪುಟ್ಟ ಡಿಜಿಟಲೀಕರಣ. ಅಂಕಿಅಂಶ ವಿಶ್ಲೇಷಣೆಗೆ 'ಆರ್', ಆಕರಗಳ ನಿರ್ವಹಣೆಗೆ 'ಜೊಟೆರೊ' ಉಚಿತವಾಗಿಯೇ ಸಿಗುತ್ತವೆ. ಅವಕ್ಕೆ ಬೇಕಾದದ್ದು ಕಲಿಸುವವರು.

ಒಬ್ಬರ ಫೆಲೋಶಿಪ್ ಕಿತ್ತು ಇದಕ್ಕೆ ಕೊಡಿ ಎಂಬುದು ಇದರ ಅರ್ಥವಲ್ಲ. ಮೂವತ್ತು ಜನರ ತರಬೇತಿಯ ಗುಣಮಟ್ಟವನ್ನು ನಿರ್ಧರಿಸುವ ಖರ್ಚು ಒಬ್ಬರ ಜೀವನಾಧಾರದಷ್ಟೇ ಇದೆ, ಆದರೂ ಅದಕ್ಕೆ ಬಜೆಟ್‌ನಲ್ಲಿ ಹೆಸರಿಲ್ಲ ಎಂಬುದನ್ನು ತೋರಿಸಲು ಈ ಲೆಕ್ಕ.

ವಿಜ್ಞಾನ ವಿಭಾಗಗಳಲ್ಲಿ ರಾಸಾಯನಿಕ, ಉಪಕರಣ ದುರಸ್ತಿ ಸೇರಿ ಮೊತ್ತ ಹೆಚ್ಚುತ್ತದೆ, ಅದು ಬೇರೆ ಮಾತು.

ಕನ್ನಡದ ಪ್ರಬಂಧ, ಓದಲಾಗದ ತಂತ್ರಾಂಶ

ಹಣವಿಲ್ಲದೆ ನಿಯಮ ಬಂದರೆ ಅದು ಹೇಗೆ ಅರ್ಥ ಕಳೆದುಕೊಳ್ಳುತ್ತದೆ ಎಂಬುದಕ್ಕೆ ಕನ್ನಡ ವಿಭಾಗಗಳದ್ದೇ ಒಂದು ಉದಾಹರಣೆ ಇದೆ. ಯುಜಿಸಿಯ 2018ರ ನಿಯಮದಂತೆ ಪ್ರಬಂಧದಲ್ಲಿ ಬೇರೆ ಬರಹಗಳೊಡನೆ ಹೋಲಿಕೆ ಶೇ 10ರೊಳಗಿದ್ದರೆ ದಂಡನೆ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ತಪಾಸಣೆ ತಂತ್ರಾಂಶದಿಂದ ಆಗುತ್ತದೆ.

ಕನ್ನಡದಲ್ಲಿ ಬರೆದ ಪ್ರಬಂಧಗಳನ್ನು ಡಿಟಿಪಿ ಅಂಗಡಿಗಳಲ್ಲಿ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಅಚ್ಚು ಮಾಡಿಸುವ ರೂಢಿ ಇನ್ನೂ ಇದೆ. ಆ ಫಾಂಟುಗಳು ಯುನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ವ್ಯವಸ್ಥೆ) ಅಲ್ಲ. ಪರದೆಯ ಮೇಲೆ 'ಕನ್ನಡ' ಎಂದು ಕಾಣುವ ಪದ ಕಡತದೊಳಗೆ ರೋಮನ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟಿರುವ ಯುರೋಪಿನ ಅಕ್ಷರಗಳ ಸಾಲಾಗಿ ಕೂತಿರುತ್ತದೆ. ತಂತ್ರಾಂಶ ಓದುವುದು ಆ ಸಾಲನ್ನು. ಮೂಲ ಪುಸ್ತಕ ಯುನಿಕೋಡ್‌ನಲ್ಲಿ ಅಂತರ್ಜಾಲದಲ್ಲಿದ್ದು, ಅದರ ಇಡೀ ಅಧ್ಯಾಯವನ್ನು ನಕಲು ಮಾಡಿದ್ದರೂ ಹೋಲಿಕೆ ಸೊನ್ನೆ ಎಂದೇ ಬರಬಹುದು. ಪ್ರಾಮಾಣಿಕವಾಗಿ ಬರೆದವರ ಸೊನ್ನೆಗೂ ಕದ್ದವರ ಸೊನ್ನೆಗೂ ಆಗ ವ್ಯತ್ಯಾಸವೇ ಇಲ್ಲ. ಪಿಎಚ್.ಡಿ ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದಲ್ಲಿ ಆ ಪ್ರಬಂಧ ಇದ್ದರೂ ಒಳಗಿನ ಪದ ಹುಡುಕಿದರೆ ಸಿಗುವುದಿಲ್ಲ, ಮುಂದಿನ ಸಂಶೋಧಕರಿಗೆ ಅದು ಇಲ್ಲದಂತೆಯೇ.

ಪರಿವರ್ತಕ ಹಾಕಿದರಾಯಿತಲ್ಲ ಎನ್ನಬಹುದು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ವ್ಯಂಜನದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರುತ್ತದೆ. ಇದು ತಪ್ಪಿದರೆ 'ಧರ್ಮ', 'ವರ್ಗ' ಎಲ್ಲ ಕೆಡುತ್ತವೆ. ನಡುವೆ ಬರುವ ಇಂಗ್ಲಿಷ್ ಉಲ್ಲೇಖಗಳೂ ಪರಿವರ್ತನೆಯಾಗಿ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಯಾರಾದರೂ ಕೂತು ಪುಟಪುಟ ತಿದ್ದಬೇಕು. ಮೊದಲ ಸೆಮಿಸ್ಟರ್‌ನ ಕೋರ್ಸ್‌ವರ್ಕ್‌ನಲ್ಲಿ ಯುನಿಕೋಡ್ ಟೈಪಿಂಗ್, ಅಡಿಟಿಪ್ಪಣಿ, ಗ್ರಂಥಸೂಚಿ ಮಾಡುವುದನ್ನು ಎರಡು ವಾರ ಕಲಿಸಿದರೆ ಈ ಸಮಸ್ಯೆ ಹುಟ್ಟುವುದೇ ಇಲ್ಲ. ಅದಕ್ಕೆ ಬೇಕಾದ್ದು ಹತ್ತು ಕಂಪ್ಯೂಟರಿನ ಒಂದು ಕೋಣೆ, ಕಲಿಸಬಲ್ಲ ಒಬ್ಬರು.

ಗೈಡ್ ಇಲ್ಲದ ವಿಭಾಗ

ಯಾವ ಫೆಲೋಶಿಪ್ ಹೆಚ್ಚಳವೂ ಸರಿಪಡಿಸಲಾರದ ಕೊರತೆ ಒಂದಿದೆ: ಖಾಲಿ ಹುದ್ದೆ. 2022ರ ನಿಯಮದಂತೆ ಕಾಯಂ ಬೋಧಕರು ಮಾತ್ರ ಗೈಡ್ ಆಗಬಹುದು. ಪ್ರೊಫೆಸರ್ ಮತ್ತು ಸಹ ಪ್ರಾಧ್ಯಾಪಕರಿಗೆ ಕನಿಷ್ಠ ಐದು, ಸಹಾಯಕ ಪ್ರಾಧ್ಯಾಪಕರಿಗೆ ಮೂರು ಪ್ರಕಟಣೆ ಇರಬೇಕು. ನಿವೃತ್ತಿಗೆ ಮೂರು ವರ್ಷದೊಳಗಿರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅತಿಥಿ ಉಪನ್ಯಾಸಕರು ಎಷ್ಟೇ ಅರ್ಹರಿದ್ದರೂ ಲೆಕ್ಕಕ್ಕಿಲ್ಲ.

ಮೊದಲಿನ ಆರು ಜನರ ವಿಭಾಗಕ್ಕೇ ಮರಳೋಣ. ಪ್ರೊಫೆಸರ್ ನಿವೃತ್ತರಾದರು, ಸಹಾಯಕ ಪ್ರಾಧ್ಯಾಪಕರ ಎರಡು ಹುದ್ದೆ ತುಂಬಲಿಲ್ಲ. 30 ಸೀಟು 14ಕ್ಕೆ ಇಳಿಯಿತು. ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಇದು ಕಲ್ಪನೆಯ ಚಿತ್ರವಲ್ಲ. ನೇಮಕಾತಿ ನಡೆಯದೆ ಅತಿಥಿ ಉಪನ್ಯಾಸಕರಿಂದಲೇ ನಡೆಯುವ ವಿಭಾಗಗಳಿವೆ. ಅಲ್ಲಿ ವಾರಕ್ಕೆ 4ರಿಂದ 6 ಗಂಟೆಯ ಬೋಧನಾ ತರಬೇತಿ ಎಂಬುದು ಖಾಲಿ ತರಗತಿ ತುಂಬಿಸುವ ಸಂಬಳವಿಲ್ಲದ ದುಡಿಮೆಯಾಗುವ ಅಪಾಯವೂ ಇದೆ. 2025ರ ಫೆಬ್ರುವರಿಯಲ್ಲಿ ರಾಜ್ಯದ ಸಂಪುಟ ಉಪಸಮಿತಿ ಹೊಸದಾಗಿ ಶುರುವಾದ ಹತ್ತು ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಹಣಕಾಸಿನ ಕಾರಣಕ್ಕೆ ಮುಚ್ಚುವ ಮಾತಾಡಿದ್ದೂ ಇದೇ ಕೊರತೆಯ ಇನ್ನೊಂದು ಮುಖ. ಜಿಲ್ಲೆಗೊಂದು ವಿಶ್ವವಿದ್ಯಾಲಯ ಘೋಷಿಸಲು ಒಂದು ಅಧಿಸೂಚನೆ ಸಾಕು, ಗೈಡ್ ಒಬ್ಬರು ತಯಾರಾಗಲು ಹತ್ತು ವರ್ಷ ಬೇಕು.

ಇತ್ತ ಕಡೆ ಪಿಎಚ್.ಡಿಗೆ ಸೇರುವವರು ಹೆಚ್ಚಿದ್ದಾರೆ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2014-15ರಲ್ಲಿ 1.17 ಲಕ್ಷವಿದ್ದ ದಾಖಲಾತಿ 2021-22ಕ್ಕೆ 2 ಲಕ್ಷ 12 ಸಾವಿರ ದಾಟಿತ್ತು, ಅದರಲ್ಲಿ ಮಹಿಳೆಯರು ಸುಮಾರು 99 ಸಾವಿರ.

ಜರ್ಮನಿ ಕಲಿತದ್ದು

ಗೈಡ್ ಒಬ್ಬರನ್ನೇ ನೆಚ್ಚಿದ ಪಿಎಚ್.ಡಿಯ ತವರು ಜರ್ಮನಿ. ಅಲ್ಲಿ 1990ರಲ್ಲಿ ಜರ್ಮನ್ ಸಂಶೋಧನಾ ಪ್ರತಿಷ್ಠಾನ 'ಗ್ರಾಡುಯೀರ್ಟನ್‌ಕೊಲೆಗ್' ಎಂಬ ಸಂಶೋಧನಾ ತರಬೇತಿ ಗುಂಪುಗಳಿಗೆ ಹಣ ಕೊಡಲು ಆರಂಭಿಸಿತು. ಒಂದು ವಿಷಯದ ಸುತ್ತ ಹಲವು ಪ್ರಾಧ್ಯಾಪಕರು ಸೇರಿ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಸಂಶೋಧನೆಯಷ್ಟೇ ವಿವರವಾಗಿ ತರಬೇತಿಯ ಯೋಜನೆಯೂ ಇರಬೇಕು. ವಿದ್ಯಾರ್ಥಿಗಳ ಸಂಬಳದ ಜೊತೆಗೆ ಕಮ್ಮಟ, ಪ್ರಯಾಣ, ಅತಿಥಿ ವಿದ್ವಾಂಸರು, ಸಂಯೋಜಕರ ಖರ್ಚು ಒಂದೇ ಅನುದಾನದಲ್ಲಿ ಬರುತ್ತದೆ. ಹೊರಗಿನವರ ಮೌಲ್ಯಮಾಪನದ ನಂತರ ಎರಡನೇ ಅವಧಿ ಸಿಗಬಹುದು, ಒಟ್ಟು ಒಂಬತ್ತು ವರ್ಷ ಮೀರುವಂತಿಲ್ಲ. ಬ್ರಿಟನ್ ಕೂಡ ಇದೇ ತತ್ವದ ಮೇಲೆ ಡಾಕ್ಟರಲ್ ತರಬೇತಿ ಕೇಂದ್ರಗಳನ್ನು ನಡೆಸುತ್ತಿದೆ. 2024ರ ಮಾರ್ಚ್‌ನಲ್ಲಿ 65 ಕೇಂದ್ರಗಳನ್ನು ಘೋಷಿಸಿತು.

ಆದರೆ ಜರ್ಮನಿಯ ಅನುಭವದಲ್ಲಿ ಎಚ್ಚರಿಕೆಯೂ ಇದೆ. 2006ರಿಂದ 2017ರವರೆಗಿನ ಉತ್ಕೃಷ್ಟತಾ ಯೋಜನೆಯಲ್ಲಿ ಮೊದಲ ಅವಧಿಗೆ 39, ನಂತರ 45 ಪದವಿ ಶಾಲೆಗಳಿಗೆ (ಪಿಎಚ್.ಡಿ ತರಬೇತಿಯ 'ಗ್ರಾಜುಯೇಟ್ ಸ್ಕೂಲ್'ಗಳಿಗೆ) ತಲಾ ವರ್ಷಕ್ಕೆ ಸುಮಾರು 10 ಲಕ್ಷ ಯೂರೊ ಸಿಕ್ಕಿತು. 2019ರಲ್ಲಿ ಬಂದ ಮುಂದಿನ ಯೋಜನೆಯಲ್ಲಿ ಪದವಿ ಶಾಲೆಗಳಿಗೆಂದೇ ಇದ್ದ ಆ ವಿಭಾಗವನ್ನು ಕೈಬಿಡಲಾಯಿತು. ಶಾಲೆಗಳನ್ನು ಉಳಿಸಿಕೊಳ್ಳುವ ಹೊಣೆ ವಿಶ್ವವಿದ್ಯಾಲಯ ಮತ್ತು ಅಲ್ಲಿನ ರಾಜ್ಯ ಸರ್ಕಾರಗಳ ಮೇಲೆ ಬಿತ್ತು. ಈ ಎಚ್ಚರಿಕೆ ನಮಗೂ ಅನ್ವಯಿಸುತ್ತದೆ. ನಮ್ಮ ಯೋಜನೆಗಳ ಆಯಸ್ಸು ಇನ್ನೂ ಕಡಿಮೆ.

ಯಾರ ವಾದ ಏನು

ಗೆಲ್ಲಬಲ್ಲವರ ಮೇಲೆ ಹಣ ಹಾಕಬೇಕು, ತೆಳ್ಳಗೆ ಹಂಚಿದರೆ ಎಲ್ಲಿಯೂ ಫಲವಿಲ್ಲ ಎಂಬುದು ಒಂದು ವಾದ. 2020-21ರಲ್ಲಿ ದೇಶದ ಸಂಶೋಧನಾ ವೆಚ್ಚ ಜಿಡಿಪಿಯ ಶೇ 0.64 ಮಾತ್ರ ಇದ್ದುದರಿಂದ ಈ ವಾದಕ್ಕೆ ತೂಕವಿದೆ. ಅದರ ದೌರ್ಬಲ್ಯವೆಂದರೆ, ಕಾಲೇಜುಗಳಲ್ಲಿ ನಾಳೆ ಪಾಠ ಮಾಡುವವರಲ್ಲಿ ಹೆಚ್ಚಿನವರು ತಯಾರಾಗುವುದು ಐಐಟಿಯಲ್ಲಲ್ಲ, ರಾಜ್ಯ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಪಿಎಚ್.ಡಿ ದುರ್ಬಲವಾದರೆ ಬಿ.ಎ, ಬಿ.ಎಸ್ಸಿ ತರಗತಿಯೂ ದುರ್ಬಲವಾಗುತ್ತದೆ.

ರಾಜ್ಯ ಸರ್ಕಾರಗಳ ವಾದ ಬೇರೆ. 1976ರ 42ನೇ ತಿದ್ದುಪಡಿಯಿಂದ ಶಿಕ್ಷಣ ಸಮವರ್ತಿ ಪಟ್ಟಿಗೆ ಬಂತು, ಉನ್ನತ ಶಿಕ್ಷಣದ ಗುಣಮಟ್ಟ ನಿಗದಿ ಮಾತ್ರ ಕೇಂದ್ರ ಪಟ್ಟಿಯ 66ನೇ ನಮೂದು. ನಿಯಮ ದೆಹಲಿಯಿಂದ ಬರುತ್ತದೆ, ಸಂಬಳ ಪಿಂಚಣಿಯ ಹೊರೆ ನಮ್ಮದು, ಹಾಗಾಗಿ ಹೊಸ ನಿಯಮದ ಖರ್ಚನ್ನೂ ದೆಹಲಿಯೇ ಕೊಡಲಿ ಎನ್ನುತ್ತವೆ. ರಾಜ್ಯ ವಿಶ್ವವಿದ್ಯಾಲಯಗಳು ರಾಜ್ಯದ ಹೊಣೆ ಎಂದು ಕೇಂದ್ರ ಸರ್ಕಾರ ಹೇಳುತ್ತದೆ. ಎರಡರಲ್ಲೂ ಕಾನೂನಿನ ಹುರುಳಿದೆ, ಹಾಗಾಗಿಯೇ ಈ ಜಗ್ಗಾಟ ಮುಗಿಯುವುದಿಲ್ಲ.

ಚೌಕಟ್ಟೇ ಬೇಡ ಎನ್ನುವವರೂ ಇದ್ದಾರೆ, ಮುಖ್ಯವಾಗಿ ಸಾಹಿತ್ಯ, ಇತಿಹಾಸದ ವಿದ್ವಾಂಸರು. ಶಾಸನ ಓದಲು ಕಲಿಯಬೇಕಾದವರನ್ನು ಎಲ್ಲರ ಜೊತೆ ಒಂದೇ ಸಂಶೋಧನಾ ವಿಧಾನದ ಪತ್ರಿಕೆಗೆ ಕೂರಿಸುವುದರಲ್ಲಿ ಅರ್ಥವಿಲ್ಲ ಎಂಬ ಅವರ ಮಾತು ಸರಿ. ಆದರೆ ಅದಕ್ಕೆ ಪರಿಹಾರ ಹಳಗನ್ನಡ ಮತ್ತು ಲಿಪಿಶಾಸ್ತ್ರವನ್ನು 4 ಕ್ರೆಡಿಟ್‌ನ ಪತ್ರಿಕೆಯಾಗಿ ತರುವುದು. ನಿಯಮ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಕಲಿಸುವವರನ್ನು ಕರೆಸುವ ಹಣ ಇಲ್ಲದ್ದೇ ಅಡ್ಡಿ.

ಮಾರ್ಚ್ ತಿಂಗಳ ಸಮಸ್ಯೆ

ಹೊಸ ಹಣ ಬಂದರೂ ಅದು ಬರುವ ರೀತಿ ಬದಲಾಗದಿದ್ದರೆ ಫಲ ಇಷ್ಟೇ. ಅನುದಾನದ ಕಂತು ಫೆಬ್ರುವರಿಯಲ್ಲಿ ಬಂದು ತಲುಪಿತು ಎನ್ನಿ. ಮಾರ್ಚ್ 31ರೊಳಗೆ ಖರ್ಚು ತೋರಿಸಿ ಬಳಕೆ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ನಲವತ್ತು ದಿನದಲ್ಲಿ ಸರ್ಕಾರಿ ಇ-ಮಾರುಕಟ್ಟೆಯಿಂದ ಕಂಪ್ಯೂಟರ್, ಸ್ಮಾರ್ಟ್ ಬೋರ್ಡ್ ಕೊಳ್ಳಬಹುದು. ಎರಡು ಸೆಮಿಸ್ಟರ್‌ಗೆ ಹರಡಿದ 180 ಗಂಟೆಯ ಪಾಠ, ಮಳೆಗಾಲ ಮುಗಿದ ಮೇಲಿನ ಕ್ಷೇತ್ರಕಾರ್ಯ, ಸಂಯೋಜಕರ ವರ್ಷದ ಸಂಬಳ ಇವನ್ನು ನಲವತ್ತು ದಿನದಲ್ಲಿ ಖರ್ಚು ಮಾಡಲು ಬರುವುದಿಲ್ಲ. ಹೀಗಾಗಿ ವಿಭಾಗಗಳಲ್ಲಿ ಪೆಟ್ಟಿಗೆ ಬಿಚ್ಚದ ಉಪಕರಣ ಇರುತ್ತದೆ, ಸಂಖ್ಯಾಶಾಸ್ತ್ರ ಕಲಿಸುವವರು ಇರುವುದಿಲ್ಲ.

ಆದ್ದರಿಂದ ಮುಂದೆ ಯಾವುದೇ ಯೋಜನೆ ಘೋಷಣೆಯಾದಾಗ ಒಟ್ಟು ಮೊತ್ತಕ್ಕಿಂತ ಮೊದಲು ಅದರಲ್ಲಿ ಆವರ್ತಕ ವೆಚ್ಚದ, ಅಂದರೆ ಪ್ರತಿವರ್ಷ ಮರುಕಳಿಸುವ ಖರ್ಚಿನ ಪಾಲು ಎಷ್ಟು ಎಂದು ನೋಡಬೇಕು. ಉಳಿದ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯಲು ಬಿಡುತ್ತಾರೆಯೇ, ಅನುದಾನ ವ್ಯಕ್ತಿಗೋ ವಿಭಾಗಕ್ಕೋ, ಸಾಹಿತ್ಯ ಮತ್ತು ಸಮಾಜ ವಿಜ್ಞಾನ ಅದರೊಳಗೆ ಇವೆಯೇ ಎಂದೂ ಕೇಳಬೇಕು. ಪಿಎಂ-ಉಷಾದ ಈ ಹಂತದ ಅವಧಿ 2026ರ ಮಾರ್ಚ್‌ವರೆಗೆ ಎಂದು ನಿಗದಿಯಾಗಿತ್ತು. ಅದರಿಂದ ಕಟ್ಟಿದ ಸಂಶೋಧನಾ ಬ್ಲಾಕ್‌ಗಳಲ್ಲಿ ಆ ಅವಧಿಯ ನಂತರ ತರಗತಿ ತೆಗೆದುಕೊಳ್ಳುವವರ ಸಂಬಳ, ಪ್ರಯಾಣ, ವಿದ್ಯುತ್ ಬಿಲ್ ಯಾವ ಶೀರ್ಷಿಕೆಯಲ್ಲಿ ಬರುತ್ತದೆ ಎಂಬುದು ರಾಜ್ಯ ಬಜೆಟ್‌ನ ಉನ್ನತ ಶಿಕ್ಷಣದ ಪುಟಗಳಲ್ಲಿ ಕಾಣಬೇಕು.